ಬೇವಿನ ಮರದ ಕೆಳಗಿನ ಗ್ರೂಪ್ ಡಿಸ್ಕಶನ್

ಗ್ರೂಪ್ ಡಿಸ್ಕಶನ್ನಿಗೆ ಹುಡುಗರನ್ನು ತಯಾರು ಮಾಡುವ ಕ್ಲಾಸುಗಳು ಈಗ ಗಲ್ಲಿಗೊಂದು ಇವೆಯಂತೆ. ತಣ್ಣನೆಯ ಕೋಣೆ, ತಿರುಗುವ ಕುರ್ಚಿ, ಗೋಡೆಗೆ ದೊಡ್ಡ ಕನ್ನಡಿ, ಎಲ್ಲ ಇರುತ್ತವಂತೆ. ಇರಲಿ ಬಿಡಿ, ನನಗೇನು ಹೊಟ್ಟೆಕಿಚ್ಚಿಲ್ಲ. ಆದರೆ ನನ್ನ ತಿಳುವಳಿಕೆಯ ಪ್ರಕಾರ ನಮ್ಮ ಸೀಮೆಯ ಮೊಟ್ಟಮೊದಲ ಕ್ಲಾಸು ತೆರೆದದ್ದು ಮಾನ್ವಿಯಲ್ಲಿ, ಎಂಬತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ, ಮಹಾಂತಯ್ಯ ಸಾಹುಕಾರರ ರೈಸ್ ಮಿಲ್ಲಿನ ಮುಂದಿನ ಬೇವಿನ ಮರದ ಕೆಳಗೆ. ಫೀ ಇರಲಿಲ್ಲ. ದಿನಾ ಸಂಜೆ ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ ಪುಕ್ಕಟೆ. ಕಲಿಸುವವರು ಮೂವರು, ಕಲಿಯುವವನು ಒಬ್ಬ. ಮಾತಾಡುವವರು ಮಾತ್ರ ಕಲಿಸುವವರೇ.

ಕಲಿಯುವವನ ಹೆಸರು ಅಯ್ಯಣ್ಣ. ಅದೇ ಮಿಲ್ಲಿನಲ್ಲಿ ನೆಲ್ಲಿನ, ಅಂದರೆ ಭತ್ತದ, ಚೀಲ ಹೊರುತ್ತಿದ್ದ ಹಮಾಲ ತಾಯಣ್ಣನ ಮಗ. ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಮುಗಿಸಿ ಊರಿಗೆ ಬಂದಿದ್ದ. ನಾನು ಆಗ ಬಸ್‌ಸ್ಟ್ಯಾಂಡಿನ ಎದುರಿಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದೆ. ಅಯ್ಯಣ್ಣ ಟೈಪಿಂಗ್ ಕಲಿಯಲು ಬರುತ್ತಿದ್ದ. ಉಳಿದ ಹುಡುಗರು ಎದ್ದುಹೋದ ಮೇಲೆ ಮಷೀನಿನ ಮೇಲೆ ಕೈಯಿಟ್ಟುಕೊಂಡು ನನ್ನ ಜೊತೆ ಮಾತಿಗೆ ಕೂಡುತ್ತಿದ್ದ. ಅಬ್ಬಬ್ಬಾ, ಏನು ಮಾತು! ಮಿಲ್ಲುಗಳು ವರ್ಷದಲ್ಲಿ ಆರು ತಿಂಗಳು ಯಾಕೆ ಸುಮ್ಮನೆ ನಿಲ್ಲುತ್ತವೆ, ನಮ್ಮ ಅಕ್ಕಿಗೆ ಬೇರೆ ಊರಿನ ಅಕ್ಕಿಯ ದರ ಯಾಕೆ ಸಿಗುವುದಿಲ್ಲ, ಒಂದೊಂದಕ್ಕೂ ಕಾರಣ ಹೇಳುತ್ತಿದ್ದ. ಇಂಥವನು ಇಲ್ಲಿ ಕೂತು ಕೊಳೆಯಬಾರದು ಅನ್ನಿಸಿ, ಹೈದರಾಬಾದಿನ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿಗೆ ನಾನೇ ಅರ್ಜಿ ಟೈಪು ಮಾಡಿ ಹಾಕಿಸಿದೆ. ಬರೆಯುವ ಪರೀಕ್ಷೆಯಲ್ಲಿ ಪಾಸಾದ. ಗ್ರೂಪ್ ಡಿಸ್ಕಶನ್ನಿಗೂ ಇಂಟರ್‌ವ್ಯೂಗೂ ಕರೆ ಬಂತು. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಊರಿಗೆ ಗೊತ್ತಾಯಿತು.

ಗೊತ್ತು ಮಾಡಿದವನು ತಾಯಣ್ಣ. ಮಗನನ್ನು ಹೈದರಾಬಾದಿಗೆ ಕಳಿಸಲು ಸಾಹುಕಾರರ ಅಪ್ಪಣೆ ಬೇಕಲ್ಲ, ಕೇಳಲು ಹೋದ. ನಾನೂ ಜೊತೆಗಿದ್ದೆ. ಬೇವಿನ ಮರದ ಕೆಳಗಿನ ಬೆಂಚುಗಳ ಮೇಲೆ ಸಾಹುಕಾರರು, ಕಿರಾಣಿ ಅಂಗಡಿಯ ಹಂಪಣ್ಣ ಮತ್ತು ನಿಜಾಮರ ಕಾಲದಲ್ಲಿ ತಹಸೀಲು ಕಚೇರಿಗೆ ಸೇರಿ ಈಗ ಪೆನ್ಶನ್ ಉಣ್ಣುತ್ತಿದ್ದ ಅಮೀರ್ ಸಾಬ್ ಕೂತಿದ್ದರು.

"ವ್ಯಾಪಾರ ಕಲಿಯೋ ಸಾಲಿ?" ಸಾಹುಕಾರರು ಕನ್ನಡಕ ತೆಗೆದರು. "ವ್ಯಾಪಾರ ಸಾಲ್ಯಾಗ ಕಲಿಸ್ತಾರೇನ್ರಿ ಮಾಸ್ತರ? ಹಂಗಾರ ನಾ ಕಲಿತಿದ್ದೇನು?"

"ನೀವು ಕಲಿತಿದ್ದು ವ್ಯಾಪಾರ ಅಲ್ರೀ, ಮೋಸ," ಎಂದ ಹಂಪಣ್ಣ. ಯಾರು ಏನೇ ಹೇಳಲಿ, ಅದಕ್ಕೆ ಎದುರು ಹೇಳದಿದ್ದರೆ ಹಂಪಣ್ಣನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಗ್ರೂಪ್ ಡಿಸ್ಕಶನ್ ಅಂದ್ರ ಏನು?" ಎಂದು ಅಮೀರ್ ಸಾಬ್ ಕೇಳಿದರು. ಏಳೆಂಟು ಜನ ಕೂತು ಒಂದು ವಿಷಯದ ಮೇಲೆ ಮಾತಾಡುತ್ತಾರೆ, ಪ್ರೊಫೆಸರುಗಳು ನೋಡುತ್ತಾರೆ ಎಂದು ನಾನು ಹೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಷ್ಟೇ ಏನ್ರಿ?" ಎಂದರು ಸಾಹುಕಾರರು. "ಮೂವತ್ತು ವರ್ಷದಿಂದ ನಾವಿಲ್ಲಿ ಮತ್ತೇನು ಮಾಡಾಕತ್ತೀವಿ? ನಾಳಿಂದ ಹುಡುಗನ್ನ ಇಲ್ಲಿಗೆ ಕಳಸ್ರಿ. ತಯಾರ್ ಮಾಡಿ ಕೊಡ್ತೀವಿ."

ಹೀಗೆ ಕ್ಲಾಸು ಶುರುವಾಯಿತು. ಸಾಹುಕಾರರು ಕೆಟ್ಟವರಲ್ಲ. ಅಲ್ಲಿಯೇ ಇನ್ನೊಂದು ಮಾತನ್ನೂ ಹೇಳಿದರು. "ತಾಯಣ್ಣಾ, ಸೀಟು ಸಿಕ್ರ ಸಿಕ್ತು. ಸಿಗಲಿಲ್ಲಂದ್ರ ಚಿಂತಿ ಮಾಡಬ್ಯಾಡ. ನನ್ನ ಗಾದಿ ಪಕ್ಕದಾಗ ಗುಮಾಸ್ತ ಮಾಡಿ ಕೂಡಿಸ್ತೀನಿ. ಸಾಯೋತನಕ ಅನ್ನಕ್ಕ ಕಮ್ಮಿಲ್ಲ."

ತಾಯಣ್ಣ ಕೈ ಮುಗಿದು, "ಆಗಲಿ ಸಾವಕಾರ್ರ," ಎಂದ.

ಆ ಸಂಜೆ ಇನ್‌ಸ್ಟಿಟ್ಯೂಟಿಗೆ ಬಂದ ಅಯ್ಯಣ್ಣನ ಮುಖ ಬಾಡಿತ್ತು. "ಸರ್, ಆ ಗಾದಿ ಪಕ್ಕದಾಗ ಒಮ್ಮಿ ಕೂತೆ ಅಂದ್ರ ಮುಗೀತ್ರಿ. ನಮ್ಮಪ್ಪ ಬೆನ್ನು ಬಗ್ಗಿಸಿದ, ನಾ ಕುತ್ತಿಗಿ ಬಗ್ಗಿಸ್ತೀನಿ, ಅಷ್ಟ ಫರಕು. ಈ ಸೀಟು ನನಗ ಬೇಕ್ರಿ," ಎಂದ. ನಾನು ಅವನ ಬೆನ್ನು ತಟ್ಟಿ, ನಿನ್ನ ಬಾಯಿ ಇದ್ದರೆ ಸೀಟಿಗೇನು ಕೊರತೆ ಎಂದೆ. ಬಾಯಿ ಇತ್ತು, ಅದರಲ್ಲಿ ಸುಳ್ಳಿಲ್ಲ.

ಮೊದಲ ದಿನದ ವಿಷಯವನ್ನು ನಾನೇ ಒಂದು ಮ್ಯಾಗಝಿನ್ನಿನಿಂದ ಹುಡುಕಿ ತಂದಿದ್ದೆ. 'ದೇಶಕ್ಕೆ ದೊಡ್ಡ ಕೈಗಾರಿಕೆ ಒಳ್ಳೆಯದೋ, ಸಣ್ಣದೋ?' ಹೊತ್ತು ನೋಡಲು ಇನ್‌ಸ್ಟಿಟ್ಯೂಟಿನ ಅಲಾರಂ ಗಡಿಯಾರವನ್ನೂ ಒಯ್ದಿದ್ದೆ. ಸಾಹುಕಾರರು ಸಣ್ಣದು ಎಂದರು. ಹಂಪಣ್ಣ ದೊಡ್ಡದು ಎಂದ. ಸಾಹುಕಾರರು ಯೋಚನೆ ಮಾಡಿ, ಹಾಗಾದರೆ ದೊಡ್ಡದೇ ಇರಲಿ ಎಂದರು. ಹಂಪಣ್ಣ ತಕ್ಷಣ ಸಣ್ಣದಕ್ಕೆ ಬಂದ. ಅಮೀರ್ ಸಾಬ್, "ಅರೇ ಭಾಯಿ, ನಿಜಾಮರ ಕಾಲದಾಗ ಎರಡೂ ಇರಲಿಲ್ಲ, ಆರಾಮಿದ್ದೆವು," ಎಂದರು. ಅಲ್ಲಿಂದ ಮಾತು ಹಂಪಣ್ಣನ ಬೀಗರ ಊರಾದ ಮಲ್ಲಟಕ್ಕೆ ಹೋಗಿ, ಆ ಬೀಗರು ಮಾರಿದ ಎಮ್ಮೆ ನಿಜವಾಗಿಯೂ ಗಬ್ಬ ಇತ್ತೋ ಇಲ್ಲವೋ ಎಂಬಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿತು.

"ಅಯ್ಯಣ್ಣಗ ಬಿಡ್ರಿ ಸ್ವಲ್ಪ," ಎಂದು ನಾನು ಅಡ್ಡ ಬಂದೆ.

ಅಯ್ಯಣ್ಣ ಬೆಂಚಿನ ಪಕ್ಕದಲ್ಲಿ ನಿಂತಿದ್ದ. ಬೆಂಚಿನ ಮೇಲೆ ಬೇಕಾದಷ್ಟು ಜಾಗವಿತ್ತು. ಆದರೆ ಹಮಾಲನ ಮಗ ಸಾಹುಕಾರರ ಸಮಕ್ಕೆ ಕೂಡುವುದು ಯಾರ ತಲೆಗೂ ಹೊಳೆಯದ ಮಾತು, ಅವನ ತಲೆಗೂ ಸಹ. ಗಂಟಲು ಸರಿಮಾಡಿಕೊಂಡ. "ಅದು ಏನಂದ್ರ..."

"ಅದು ಏನಂದ್ರ ನಾ ಹೇಳ್ತೀನಿ ತಡಿ," ಎಂದ ಹಂಪಣ್ಣ.

"ಇಲ್ರಿ ಕಾಕಾ, ನಾ ಏನಂತೀನಿ ಅಂದ್ರ..."

"ಸುಮ್ನಿರಲೇ!" ದೂರದಲ್ಲಿ ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಯ ಹತ್ತಿರ ನಿಂತಿದ್ದ ತಾಯಣ್ಣ ಗದರಿಸಿದ. "ಹಿರ್ಯಾರು ಮಾತಾಡಾಕತ್ತಾರ, ಕಾಣಂಗಿಲ್ಲೇನು?"

ಅಯ್ಯಣ್ಣ ಬಾಯಿ ಮುಚ್ಚಿಕೊಂಡು ಖಾಲಿ ಚಹಾ ಗ್ಲಾಸುಗಳನ್ನು ಒಟ್ಟು ಮಾಡಿ ಒಳಗೆ ಒಯ್ದ. ಅಲಾರಂ ಹೊಡೆಯಿತು. ಸಾಹುಕಾರರು ತೃಪ್ತಿಯಿಂದ ಮಿರ್ಚಿಯ ತೊಟ್ಟು ಬಿಸಾಕಿ, "ಹುಡುಗ ಬಾಳ ಚೊಲೋ ಕೇಳ್ತಾನ್ರಿ ಮಾಸ್ತರ. ಸೀಟು ಗ್ಯಾರಂಟಿ," ಎಂದು ತೀರ್ಪು ಕೊಟ್ಟರು.

ಒಂದು ತಿಂಗಳು ಹೀಗೆಯೇ ನಡೆಯಿತು. ಬಡ್ಡಿ, ಬರಗಾಲ, ಜನಸಂಖ್ಯೆ, ಹೆಣ್ಣುಮಕ್ಕಳ ಶಿಕ್ಷಣ, ಅಣುಬಾಂಬು, ಯಾವ ವಿಷಯವನ್ನೂ ಅವರು ಬಿಡಲಿಲ್ಲ. ಎಲ್ಲ ವಿಷಯಗಳೂ ಮಲ್ಲಟದ ಎಮ್ಮೆಯ ಹತ್ತಿರ ಹೋಗಿ ನಿಲ್ಲುತ್ತಿದ್ದವು. ಈಗ ನೆನೆದರೆ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಆ ಮೂವರೂ ಈಗ ಇಲ್ಲ. ಒಬ್ಬ ಹಮಾಲನ ಮಗನಿಗಾಗಿ ಅಂಗಡಿ ಮುಚ್ಚಿ, ನಮಾಜು ಮುಗಿಸಿ ಓಡಿ ಬಂದು ಕೂಡುತ್ತಿದ್ದರಲ್ಲ, ಅಂಥ ಪ್ರೀತಿಯನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ. ಆ ಪ್ರೀತಿಯಲ್ಲಿ ಹುಡುಗನಿಗೆ ಉಸಿರಾಡಲು ಜಾಗವಿರಲಿಲ್ಲ ಎಂಬುದು ಬೇರೆ ಮಾತು.

ಇಂಟರ್‌ವ್ಯೂ ವಿಭಾಗವನ್ನು ಅಮೀರ್ ಸಾಬ್ ವಹಿಸಿಕೊಂಡರು. ಅವರು ಹರೆಯದಲ್ಲಿ ನಿಜಾಮರ ದೊಡ್ಡ ಅಧಿಕಾರಿಯಾದ ತಾಲ್ಲೂಕುದಾರ ಸಾಹೇಬರ ಮುಂದೆ ನೌಕರಿಗೆ ನಿಂತವರು. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, "ಇವ್ರು ಸಾಹೇಬ್ರು ಅಂತ ತಿಳಕೋ," ಎಂದು ಅಯ್ಯಣ್ಣನಿಗೆ ಬಗ್ಗಿ ಸಲಾಮು ಹೊಡೆಯುವುದನ್ನು ಕಲಿಸಿದರು. "ಕೂಡು ಅಂದ್ರ ಕೂಡಬ್ಯಾಡ. ಅದು ಪರೀಕ್ಷಾ. ಹೊರಗ ಬರ್ತಾ ಸಾಹೇಬ್ರಿಗೆ ಬೆನ್ನು ತೋರಿಸಬ್ಯಾಡ. ಹಿಂದ ಹಿಂದ ನಡಿ. ಹಾಂ, ಶಾಬಾಶ್!" ಅಯ್ಯಣ್ಣ ಹಿಂದೆ ಹಿಂದೆ ನಡೆದು ತೌಡಿನ ರಾಶಿಯಲ್ಲಿ ಕೂತ.

ನನಗೆ ಗಾಬರಿ ಶುರುವಾಯಿತು. ಆ ಹೊತ್ತಿಗೆ ದೇವದುರ್ಗದ ಬ್ಯಾಂಕಿಗೆ ಮೈಸೂರು ಕಡೆಯ ಒಬ್ಬ ಮ್ಯಾನೇಜರು ಬಂದಿದ್ದರು. ಗ್ರೂಪ್ ಡಿಸ್ಕಶನ್ ಮಾಡಿಯೇ ಆಫೀಸರಾದವರು ಎಂದು ಕೇಳಿದ್ದೆ. ಹುಡುಗನನ್ನು ಒಮ್ಮೆ ಅವರಿಗೆ ತೋರಿಸೋಣ ಎಂದೆ. ಸಾಹುಕಾರರು ಜೀಪು ತೆಗೆಸಿದರು. ಮೂವರೂ ಜೀಪು ಹತ್ತಿದರು.

ಮ್ಯಾನೇಜರು ಎಲ್ಲರಿಗೂ ಕುರ್ಚಿ ಹಾಕಿಸಿ, "ಕ್ಯಾಂಡಿಡೇಟ್ ಯಾರು ಸಾರ್?" ಎಂದರು.

"ಹೊರಗ ಜೀಪಿನ ಹತ್ರ ನಿಂತಾನ್ರಿ," ಎಂದರು ಸಾಹುಕಾರರು.

ನಾನು ಹೋಗಿ ಕರೆತಂದೆ. "ನಿಮ್ಮ ಹೆಸರೇನಪ್ಪಾ?" ಎಂದು ಮ್ಯಾನೇಜರು ಕೇಳಿದರು.

"ಅಯ್ಯಣ್ಣ ಅಂತ್ರಿ," ಎಂದ ಹಂಪಣ್ಣ.

"ಮ್ಯಾನೇಜ್‌ಮೆಂಟ್ ಯಾಕೆ ಓದ್ಬೇಕು ಅಂತೀರಿ?"

"ಬಾಳ ಹುಷಾರ್ ಅದಾನ್ರಿ," ಎಂದರು ಸಾಹುಕಾರರು.

"ಅಲ್ಲಾ ಸಾರ್, ಅವ್ರಿಗೇ ಕೇಳ್ತಿದೀನಿ. ಅವ್ರಿಗೆ ಬಾಯಿಲ್ವಾ?"

ಸಾಹುಕಾರರ ಮುಖ ಕೆಂಪಾಯಿತು. "ಬಾಯಿ ಅದರೀ. ಅದರ ಜೊತಿ ಸಂಸ್ಕಾರನೂ ಅದ."

ಮ್ಯಾನೇಜರು ನಿಟ್ಟುಸಿರು ಬಿಟ್ಟು ಅಯ್ಯಣ್ಣನ ಕಡೆ ತಿರುಗಿದರು. "ನೋಡಪ್ಪಾ, ಅಲ್ಲಿ ಯಾರೂ ನಿನಗೆ ದಾರಿ ಬಿಡೋದಿಲ್ಲ. ಬೇರೆಯವರ ಮಾತನ್ನ ಅರ್ಧಕ್ಕೆ ಕತ್ತರಿಸಿಯಾದ್ರೂ ನೀನು ಮಾತಾಡ್ಲೇಬೇಕು. ಇಲ್ದಿದ್ರೆ ಸೀಟಿನ ಆಸೆ ಬಿಟ್ಬಿಡು." ಅಯ್ಯಣ್ಣ ತಲೆಯಾಡಿಸಿದ. ಮಾತಾಡುತ್ತೇನೆ ಎಂದು ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಹಂಪಣ್ಣ, "ಮಾತಾಡ್ತಾನ್ರಿ," ಎಂದ.

ಜೀಪು ಅರಕೇರಾ ದಾಟುವವರೆಗೆ ಸಾಹುಕಾರರು ಬುಸುಗುಟ್ಟುತ್ತಿದ್ದರು. "ದೊಡ್ಡವ್ರ ಮಾತಿಗೆ ಅಡ್ಡ ಬಾ ಅಂತ ಹುಡುಗ್ರಿಗೆ ಕಲಿಸ್ತಾನ! ಇಂಥವನ ಕೈಯಾಗ ಬ್ಯಾಂಕ್ ಕೊಟ್ಟಾರಲ್ರೀ, ದೇಶ ಉದ್ಧಾರ ಆದಂಗ!" ಹುಡುಗನನ್ನು ಹೈದರಾಬಾದಿಗೆ ಒಬ್ಬನೇ ಕಳಿಸುವುದು ಕ್ಷೇಮವಲ್ಲ, ಯಾರಾದರೂ ಹೀಗೆಯೇ ಕೆಡಿಸಿಬಿಡುತ್ತಾರೆ, ನಾವು ನಾಲ್ವರೂ ಜೊತೆಗೆ ಹೋಗಬೇಕು ಎಂದು ಜೀಪಿನಲ್ಲಿಯೇ ನಿರ್ಧಾರವಾಯಿತು. ಅಮೀರ್ ಸಾಬರ ಅಕ್ಕ ಸರ್ವರಿ ಬೇಗಂ ಹೈದರಾಬಾದಿನಲ್ಲಿಯೇ ಇದ್ದುದರಿಂದ ಉಳಿಯುವ ಚಿಂತೆಯೂ ಇರಲಿಲ್ಲ.

ಹೊರಡುವ ಬೆಳಿಗ್ಗೆ ಅಯ್ಯಣ್ಣನ ತಾಯಿ ಅಮರಮ್ಮ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. "ಯಪ್ಪಾ, ಕೇಳಿದ್ದಕ್ಕ ಹೇಳಿ ಬಾ. ಹೆದರಬ್ಯಾಡ," ಎಂದು ಮಗನ ಗಲ್ಲ ಸವರಿದಳು. ಇಡೀ ಒಂದು ತಿಂಗಳಲ್ಲಿ ನಮ್ಮ ಊರಿನಲ್ಲಿ ಸರಿಯಾದ ಉಪದೇಶ ಕೊಟ್ಟವಳು ಅವಳೊಬ್ಬಳೇ. ತಾಯಣ್ಣನಿಗೆ ಮಿಲ್ಲು ಬಿಟ್ಟು ಬರಲಾಗಲಿಲ್ಲ. ಸಾಹುಕಾರರಿಗೆ ಕೈ ಮುಗಿದು ಮಗನನ್ನು ಒಪ್ಪಿಸಿದ.

ಗ್ರೂಪ್ ಡಿಸ್ಕಶನ್ ನಡೆದದ್ದು ಕಾಲೇಜಿನ ನೆಲ ಅಂತಸ್ತಿನ ಒಂದು ಕೋಣೆಯಲ್ಲಿ. ಸೆಕೆಗೆ ಕಿಟಕಿಗಳನ್ನು ತೆರೆದಿದ್ದರು. ಕಿಟಕಿಯ ಹೊರಗೆ ಒಂದು ಮರವಿತ್ತು, ಮರದ ಕೆಳಗೆ ಕಲ್ಲಿನ ಕಟ್ಟೆಯಿತ್ತು. ಮರವನ್ನೂ ಕಟ್ಟೆಯನ್ನೂ ಕಂಡದ್ದೇ ನಮ್ಮ ಮೂವರು ಮನೆಗೆ ಬಂದವರಂತೆ ಕೂತರು. ನಾನು ಕಿಟಕಿಯ ಪಕ್ಕದಲ್ಲಿ ನಿಂತೆ. ಒಳಗೆ ಟೈ ಕಟ್ಟಿದ ಹುಡುಗರು ಕುರ್ಚಿಗಳಿಗೆ ನುಗ್ಗಿದರು. ಅಯ್ಯಣ್ಣ ತನಗೆ ಸಿಕ್ಕಿದ ಕುರ್ಚಿಯನ್ನು ಸ್ವಲ್ಪ ತಲೆ ಬೋಳಾಗಿದ್ದ ಒಬ್ಬ ಹುಡುಗನಿಗೆ ವಯಸ್ಸಿಗೆ ಹಿರಿಯನೆಂದು ಬಿಟ್ಟುಕೊಟ್ಟು, ತಾನು ಮೂಲೆಯ ಸ್ಟೂಲಿನ ಮೇಲೆ ತುದಿಯಲ್ಲಿ ಕೂತ.

ಪ್ರೊಫೆಸರು ಇಂಗ್ಲಿಷಿನಲ್ಲಿ ವಿಷಯ ಹೇಳಿದರು. ಅಕ್ಕಿಯ ಉದ್ಯಮಕ್ಕೆ ದೊಡ್ಡ ಕಾರ್ಖಾನೆ ಬೇಕೋ, ಸಣ್ಣ ಗಿರಣಿ ಸಾಕೋ ಎಂಬುದೇ ವಿಷಯ! ಟೈಪಿಂಗ್ ಮಷೀನಿನ ಮುಂದೆ ಕೂತು ಅಯ್ಯಣ್ಣ ನೂರು ಸಲ ಮಾತಾಡಿದ ವಿಷಯ. ದೇವರು ಇದ್ದಾನೆ ಎಂದುಕೊಂಡೆ.

ಟೈ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ಅಯ್ಯಣ್ಣ ಬಹಳ ಚೆನ್ನಾಗಿ ಕೇಳುತ್ತಿದ್ದ. ಒಬ್ಬ ಕೆಂಪು ಟೈ ಹುಡುಗ ಮೇಜು ಗುದ್ದಿ, ಸಣ್ಣ ರೈಸ್ ಮಿಲ್ಲುಗಳನ್ನೆಲ್ಲ ಕ್ಲೋಸ್ ಮಾಡಬೇಕು ಎಂದ. ಆಗ ಪ್ರೊಫೆಸರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಮೂಲೆಯಲ್ಲಿರುವವರು ಇನ್ನೂ ಏನೂ ಹೇಳಿಲ್ಲ. ಅವರು ಹೇಳಲಿ," ಎಂದರು. ಅಯ್ಯಣ್ಣ ಮುಂದಕ್ಕೆ ಬಾಗಿದ. ಬಾಯಿ ತೆರೆದ. ನಾನು ಕಿಟಕಿಗೆ ಇನ್ನೂ ಹತ್ತಿರ ಸರಿದೆ.

ರೈಸ್ ಮಿಲ್ಲು, ಕ್ಲೋಸು, ಇವೆರಡು ಇಂಗ್ಲಿಷ್ ಶಬ್ದಗಳು ಮಹಾಂತಯ್ಯ ಸಾಹುಕಾರರಿಗೆ ಚೆನ್ನಾಗಿ ಗೊತ್ತಿದ್ದವು.

"ರೀ ಪ್ರೊಫೆಸರ್ರ!" ಕಿಟಕಿಯ ಸರಳಿನ ನಡುವೆ ಸಾಹುಕಾರರ ರುಮಾಲು ಕಾಣಿಸಿತು. "ಯಾರ್ರಿ ಅವ ಮಿಲ್ಲು ಮುಚ್ಚಬೇಕು ಅಂದವ? ಒಂದಾದರೂ ಮಿಲ್ಲು ನಡಿಸ್ಯಾನೇನು? ನಮ್ಮಂಥ ಮಿಲ್ಲಿನಾಗ ಒಂದು ಕಾಳು ನಷ್ಟ ಇಲ್ಲ, ಬರಕೋರ್ರಿ!"

"ಹಂಗಲ್ರೀ," ಎಂದು ಎರಡನೆಯ ಕಿಟಕಿಯಲ್ಲಿ ಹಂಪಣ್ಣ ಪ್ರತ್ಯಕ್ಷನಾದ. "ಆ ಕೆಂಪು ಟೈ ಹುಡುಗ ಹೇಳೋದು ಖರೇ ಅದ. ಇವರ ಮಿಲ್ಲು ಮೊದಲು ಮುಚ್ಚಸ್ರಿ!"

ಪ್ರೊಫೆಸರಿಗೆ ಕನ್ನಡ ಬಾರದೆಂದು ಕನಿಕರಿಸಿ ಅಮೀರ್ ಸಾಬ್ ಇಬ್ಬರ ಮಾತನ್ನೂ ಅಚ್ಚ ಉರ್ದುವಿಗೆ ತಿರುಗಿಸಿ, ಕೊನೆಗೆ ನಿಜಾಮರ ಕಾಲದ ಬಗ್ಗೆ ತಮ್ಮದೂ ಎರಡು ಮಾತು ಸೇರಿಸಿದರು. ಕಾಲೇಜಿನ ಜವಾನ ಬಂದು ಮೂವರನ್ನೂ ಕಿಟಕಿಯಿಂದ ಬಿಡಿಸುವ ಹೊತ್ತಿಗೆ ಹೊತ್ತು ಮುಗಿದ ಗಂಟೆ ಹೊಡೆಯಿತು. ಆ ದಿನದ ಗ್ರೂಪ್ ಡಿಸ್ಕಶನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದ ಮೂವರು ಅರ್ಜಿಯನ್ನೇ ಹಾಕಿರಲಿಲ್ಲ. ಅಯ್ಯಣ್ಣ ತೆರೆದ ಬಾಯಿ ಯಾವಾಗಲೋ ಮುಚ್ಚಿಕೊಂಡಿತ್ತು.

ಇಂಟರ್‌ವ್ಯೂ ಬೇಗನೆ ಮುಗಿಯಿತು. ಕೂಡಲು ಹೇಳಿದರಂತೆ, ಕೂಡಲಿಲ್ಲವಂತೆ. ಯಾಕೆ ಏನೂ ಮಾತಾಡಲಿಲ್ಲ ಎಂದು ಕೇಳಿದರಂತೆ, ಹಿರಿಯರು ಮಾತಾಡುತ್ತಿದ್ದರು ಎಂದನಂತೆ. ಅವನು ಹೊರಗೆ ಬಂದದ್ದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಬೆನ್ನು ಮೊದಲು ಬಂತು, ಬಂದದ್ದು ಸೀದಾ ಜವಾನನ ಚಹಾದ ತಟ್ಟೆಯ ಮೇಲೆ.

ವಾಪಸು ಬರುವಾಗ ಮೂವರಿಗೂ ಗೆದ್ದ ಉತ್ಸಾಹ. "ನಾ ಹೇಳಿದ್ದನ್ನ ಪ್ರೊಫೆಸರ್ ಬರಕೊಂಡ್ರು, ನೋಡಿದ್ರೇನು?" ಎಂದು ಸಾಹುಕಾರರು ದಾರಿಯುದ್ದಕ್ಕೂ ಹೇಳಿದರು. ರಾಯಚೂರಿನಲ್ಲಿ ಬಸ್ಸು ಬದಲಿಸುವಾಗ ಅಯ್ಯಣ್ಣ ನನ್ನ ಪಕ್ಕಕ್ಕೆ ಬಂದ.

"ಸರ್, ಆ ಕೆಂಪು ಟೈ ಹುಡುಗ ಹೇಳಿದ್ದು ತಪ್ಪರಿ."

"ಅಲ್ಲೇ ಹೇಳಬೇಕಿತ್ತಲ್ಲೋ ಮಾರಾಯ!"

"ಸಾವಕಾರ್ರು ಮಾತಾಡಾಕತ್ತಿದ್ರಲ್ರಿ," ಎಂದು ತಲೆ ತಗ್ಗಿಸಿದ.

ಸೀಟು ಸಿಗಲಿಲ್ಲ. ಸುದ್ದಿ ಬಂದ ಸಂಜೆ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದೆವು. ಸಾಹುಕಾರರು ಇದನ್ನು ಸ್ವಂತ ಅವಮಾನವೆಂದೇ ತಿಳಿದಿದ್ದರು. "ನನ್ನ ಫೇಲ್ ಮಾಡಿದ್ರಲ್ರೀ!" ಎಂದು ಕೂಗಾಡಿದರು. ಹಂಪಣ್ಣ, ತಪ್ಪೆಲ್ಲ ನಿಮ್ಮದೇ ಎಂದ. ಹೌದು ನನ್ನದೇ ಎಂದು ಸಾಹುಕಾರರು ಒಮ್ಮೆಲೇ ಮೆತ್ತಗಾದರು. ಆಗ ಹಂಪಣ್ಣನಿಗೆ ಎದುರು ಹೇಳದೆ ಗತಿಯಿಲ್ಲವಾಗಿ, "ಇಲ್ರಿ, ನಂದು ತಪ್ಪು," ಎಂದ. ಅಮೀರ್ ಸಾಬ್ ಕಣ್ಣೊರೆಸಿಕೊಂಡು, "ಸಲಾಮು ನಾ ಕಲಿಸಿದ್ದು, ಕಸೂರು ನನ್ದು," ಎಂದರು. ಮೂವರೂ ತಪ್ಪಿಗಾಗಿ ಜಗ್ಗಾಡುತ್ತಿರುವಾಗ ತಾಯಣ್ಣ ಚೀಲದ ಥಪ್ಪಿಗೆ ಒರಗಿ ನಿಂತಿದ್ದ. ಅಮರಮ್ಮನೂ ಬಂದು ಅವನ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

ಕೊನೆಗೆ ಸಾಹುಕಾರರು ಎದ್ದರು. "ಆಗಿದ್ದು ಆತು. ತಾಯಣ್ಣಾ, ನಾ ಕೊಟ್ಟ ಮಾತು ಮಾತೇ. ಬರೋ ಸೋಮವಾರದಿಂದ ಅಯ್ಯಣ್ಣ ನಮ್ಮ ಗಾದಿಗಿ ಬರಲಿ."

"ಆಗಲಿ ಸಾವಕಾರ್ರ," ಎಂದ ತಾಯಣ್ಣ.

"ಒಲ್ಲೆ."

ಯಾರು ಅಂದರೆಂದು ನಾವೆಲ್ಲ ಅತ್ತಿತ್ತ ನೋಡಿದೆವು.

"ಏನಂದಿಲೇ?" ಎಂದ ಹಂಪಣ್ಣ.

"ಒಲ್ಲೆ ಅಂದೆ ಕಾಕಾ. ನಾ ಗುಮಾಸ್ತ ಆಗಂಗಿಲ್ಲ. ಬರೋ ವರ್ಷ ಮತ್ತ ಪರೀಕ್ಷಿ ಬರೀತೀನಿ."

"ತಡಿ, ಅದು ಏನಂದ್ರ..."

"ನೀವು ತಡೀರಿ ಕಾಕಾ. ನಾ ಇನ್ನಾ ಮುಗಿಸಿಲ್ಲ." ಅಯ್ಯಣ್ಣ ಒಂದು ಹೆಜ್ಜೆ ಮುಂದೆ ಬಂದ. "ಸಾವಕಾರ್ರ, ನೀವು ನಮಗ ಅನ್ನ ಹಾಕಿದವರು, ಇಲ್ಲ ಅನ್ನಂಗಿಲ್ಲ. ಒಂದು ತಿಂಗಳು ನನ್ನ ಸಲುವಾಗಿ ಕುಂತ್ರಿ, ಅದನ್ನ ನಾ ಸಾಯೋತನಕ ಮರಿಯಂಗಿಲ್ಲ. ಆದ್ರ ಅಲ್ಲಿ ಆ ಹುಡುಗ್ರು ಹೇಳಿದ್ದು ಅರ್ಧಕ್ಕರ್ಧ ತಪ್ಪಿತ್ತು. ನನಗ ಗೊತ್ತಿತ್ತು. ಹೇಳಾಕ ಬಾಯಿ ಬರಲಿಲ್ಲ. ಈಗ ನಿಮ್ಮ ಮುಂದ ಬಾಯಿ ಬರಲಿಲ್ಲಂದ್ರ ಎಲ್ಲೂ ಬರಂಗಿಲ್ಲ."

"ಏನು ತಪ್ಪಿತ್ತಲೇ?" ಸಾಹುಕಾರರು ಬೆಂಚಿನ ಮೇಲೆ ಕುಸಿದರು.

"ಸಣ್ಣ ಮಿಲ್ಲು ಮುಚ್ಚಬೇಕು ಅಂದ್ರು, ಅದು ತಪ್ಪು. ನೀವು ಸಣ್ಣ ಮಿಲ್ಲಿನಾಗ ಒಂದು ಕಾಳು ನಷ್ಟ ಇಲ್ಲ ಅಂದ್ರಿ, ಅದೂ ತಪ್ಪರಿ."

"ನನ್ನ ಮಿಲ್ಲಿನಾಗ ನಷ್ಟ?"

"ನುಚ್ಚು ನೋಡ್ರಿ ಎಷ್ಟು ಬರ್ತದ. ನೆಲ್ಲು ಹಸಿ ಇದ್ದಾಗನ ಹಾಕಿಸ್ತೀರಿ, ಅಕ್ಕಿ ಮುರೀತದ."

"ಹಸಿ ಇರಂಗಿಲ್ಲ!"

"ಇರ್ತದರೀ!"

ನಾನು ಆ ಮಿಲ್ಲಿನ ಅಂಗಳದಲ್ಲಿ ಅಂಥ ಮಾತನ್ನು ಎಂದೂ ಕೇಳಿರಲಿಲ್ಲ. ಮುಂದಿನ ವರ್ಷ ಅವನಿಗೆ ಸೀಟು ಸಿಕ್ಕಿತು, ದೊಡ್ಡ ಮನುಷ್ಯನಾದ, ಅದೆಲ್ಲ ಆಮೇಲಿನದು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ್ದು ಆ ಸಂಜೆಯೇ. ಸಾಹುಕಾರರು ಸಿಟ್ಟಿನಿಂದಲೋ ಬೆರಗಿನಿಂದಲೋ ತಾಯಣ್ಣನ ಕಡೆ ತಿರುಗಿ ಕೂಗಿದರು.

"ನೋಡಲೇ ತಾಯಣ್ಣಾ! ನಿನ್ನ ಮಗ ನನ್ನ ಎದುರಿಗೇ ವಾದ ಮಾಡಾಕತ್ತಾನ!"

ತಾಯಣ್ಣ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಬಡಿಯುತ್ತಾನೆ, ಇನ್ನೇನು ಮಗನಿಗೆ ಬಡಿಯುತ್ತಾನೆ ಎಂದು ನಾನು ಎದ್ದು ನಿಂತೆ.

"ಹೌದ್ರಿ ಸಾವಕಾರ್ರ, ಮಾಡಾಕತ್ತಾನ," ಎಂದ ತಾಯಣ್ಣ. ಆಮೇಲೆ ಮಗನ ಕಡೆ ನೋಡಿದ. "ಇನ್ನಾ ಮುಗಿಸಿಲ್ಲ ಅಂದಿಯಲ್ಲಲೇ? ಹೇಳು ಮತ್ತ. ನಾವು ಕೇಳಾಕತ್ತೀವಿ."